ಅತ್ತಿಗೆ ತಂದ ಕಡುಬು

“ಒಂದೇ ಒಂದು ತಿನ್ನೇ ಮಾರಾಯ್ತಿ” ಎಂದು ಅತ್ತಿಗೆ ಡಬ್ಬಿಯ ಮುಚ್ಚಳ ತೆಗೆದರು. ಕಡುಬಿನ ಬಿಸಿ ಇನ್ನೂ ಆರಿರಲಿಲ್ಲ. ನನಗೆ ಹರ್ನಿಯಾ ಆಪರೇಷನ್ ಆಗಿ ಅಂದು ಮೂರನೆಯ ದಿನ. ನನ್ನ ಯಜಮಾನರ ಅಕ್ಕ ಅವರು. ಆ ವಯಸ್ಸಿನಲ್ಲೂ ಜಾವಳಿಯಿಂದ ಬಸ್ಸು ಹತ್ತಿ ಮೂಡಿಗೆರೆಯ ಆಸ್ಪತ್ರೆಗೆ ಒಬ್ಬರೇ ಬಂದಿದ್ದರು.

ತೂಕ ಇಳಿಸದೆ ಆಪರೇಷನ್ ಮಾಡುವುದಿಲ್ಲ ಎಂದಿದ್ದ ಡಾಕ್ಟರು ಊಟದ ಚೀಟಿ ಬರೆದುಕೊಟ್ಟಿದ್ದರು. ಮೂರು ತಿಂಗಳು ಅಕ್ಕಿಯ ತಿಂಡಿ ಮುಟ್ಟಿರಲಿಲ್ಲ. ತೂಕ ಏರಿದರೆ ಹರ್ನಿಯಾ ಮತ್ತೆ ಬಂದೀತು ಎಂಬ ಹೆದರಿಕೆ. “ಚೀಟೀಲಿ ಇಲ್ಲ ಅತ್ತಿಗೆ” ಎಂದೆ.

“ಚೀಟಿ ನೋಡಿ ಕೊಡೋಕೆ ನಾನೇನು ರೇಷನ್ ಅಂಗಡಿಯವಳಾ?” ಎಂದು ನಕ್ಕರು. ನಾನು ತಲೆಯಾಡಿಸಿ ಬೇಡವೆಂದೆ. ಅವರು ಮುಚ್ಚಳ ಹಾಕಿದರು. ತಿಂಡಿ ತಂದವರ ಡಬ್ಬಿಯನ್ನು ನಮ್ಮಲ್ಲಿ ಖಾಲಿ ಕಳಿಸುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತೇವೆ. ಅಂದು ಅವರ ಡಬ್ಬಿ ಅವರದೇ ಕಡುಬು ತುಂಬಿಕೊಂಡು ವಾಪಸು ಹೋಯಿತು.

ನನ್ನ ಹೊಲಿಗೆ ಬಿಚ್ಚುವ ಮೊದಲೇ ಅತ್ತಿಗೆ ಎದೆನೋವಿನಿಂದ ತೀರಿಕೊಂಡರು. ಮುಖ ನೋಡಲೂ ಹೋಗಲಾಗಲಿಲ್ಲ. ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದಾಗ ಅವರ ಮಗಳು ಹೇಳಿದಳು: “ಅಮ್ಮ ಆ ಕಡುಬನ್ನ ಯಾರಿಗೂ ಕೊಡ್ಲಿಲ್ಲ ಅತ್ತೆ. ಎರಡು ದಿನ ಬಿಸಿ ಮಾಡ್ಕೊಂಡು ತಾನೇ ತಿಂದ್ಲು.”

ಗಾಯ ಮಾಗಿದೆ, ತೂಕವೂ ಇಳಿದಿದೆ. ಅಜ್ಜಿಯದು ಗಟ್ಟಿ ಮನಸ್ಸು ಎಂದು ಮೊಮ್ಮಕ್ಕಳು ಹೊಗಳುತ್ತಾರೆ. ಅವರೆದುರು ಬಾಯಿಬಿಟ್ಟು ಹೇಳಲಾಗದೆ ಇಲ್ಲಿ ಬರೆದಿದ್ದೇನೆ: ಅಂದು ಒಂದು ಚೂರಾದರೂ ಮುರಿದು ಬಾಯಿಗೆ ಹಾಕಿಕೊಳ್ಳಬೇಕಿತ್ತು.