ಎಳೆಯುವ ಗಾಡಿ, ಹೊರುವ ಗಾಡಿ

ಕಾತ್ರಜ್ ಹಳೆ ಘಾಟ್ ಏರುತ್ತಿದ್ದೆವು. ಅಣ್ಣನ ಕೈಯಲ್ಲಿ ಸ್ಟಿಯರಿಂಗ್ ಬಲು ಸಲೀಸಾಗಿ ತಿರುಗುತ್ತಿತ್ತು. ಹೊಸ ಗಾಡಿ ಅಂದರೆ ಹೀಗಿರಬೇಕು ಎಂದುಕೊಂಡೆ. ಮರುಕ್ಷಣ ಗೊತ್ತಾಯಿತು: ಸ್ಟಿಯರಿಂಗ್ ತಿರುಗುತ್ತಿದೆ, ಗಾಡಿ ತಿರುಗುತ್ತಿಲ್ಲ.

ಅಣ್ಣ ವೇಗ ಇಳಿಸಿ, ಹೇಗೋ ಗುಡ್ಡದ ಬದಿಗೆ ತಂದು ನಿಲ್ಲಿಸಿದ. ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟ.

ಆ ಗಾಡಿ ಆರಿಸಿದ್ದು ನಾನು. (ಹೇಳಿಬಿಡುತ್ತೇನೆ, ಮುಚ್ಚಿಟ್ಟು ಸಾಕಾಗಿದೆ.)

ಅಣ್ಣ-ವೈನಿ (ಅತ್ತಿಗೆಯನ್ನು ನಾನು ಕರೆಯುವುದು ಹಾಗೆ) ಹದಿನೈದು ವರ್ಷಗಳಿಂದ ಖರಾಡಿಯಲ್ಲಿ ಆಫೀಸಿನ ಹುಡುಗರಿಗೆ ಜೋಳದ ರೊಟ್ಟಿ ಊಟ ಹಾಕುತ್ತಿದ್ದಾರೆ. ಇದ್ದ ಜಾಗ ಹೋಯಿತು. ಅಡುಗೆಮನೆಯನ್ನೇ ಚಕ್ರದ ಮೇಲೆ ಕಟ್ಟಿಸೋಣ ಎಂದು ಅಣ್ಣ ಒಂದು ಟ್ರೇಲರ್ ಮಾಡಿಸಿದ. ಗಾಡಿಯ ಹಿಂದೆ ಕೊಂಡಿಗೆ ಸಿಕ್ಕಿಸುವಂಥದ್ದಲ್ಲ. ಕಂಟೇನರ್ ಲಾರಿ ನೋಡಿದ್ದೀರಲ್ಲ, ಹಾಗೆ ಇದರ ಮೂತಿ ಗಾಡಿಯ ಬೆನ್ನಿನ ಮೇಲೆಯೇ ಕೂರುತ್ತದೆ. ಫಿಫ್ತ್ ವೀಲ್ ಅನ್ನುತ್ತಾರೆ.

ಎಳೆಯಲು ಗಾಡಿ ಬೇಕಲ್ಲ? ಮನೆಯಲ್ಲಿ ಇಂಗ್ಲಿಷ್ ಓದುವವಳು ನಾನು. ಮೂರು ಭಾನುವಾರ ಶೋರೂಮ್ ಸುತ್ತಿದೆವು. ಎಲ್ಲ ಕಡೆ ಕೋಲ್ಡ್ ಕಾಫಿ, ಎಲ್ಲ ಕಡೆ ಒಂದೇ ಮಾತು: ಇದು ಏನನ್ನಾದರೂ ಎಳೆಯುತ್ತದೆ. ಬ್ರೋಶರ್‌ನಲ್ಲಿ ಎಳೆಯುವ ಶಕ್ತಿ ನೋಡಿದೆ, ಟ್ರೇಲರ್ ಕಟ್ಟಿದವನು ಬರೆದುಕೊಟ್ಟ ತೂಕ ನೋಡಿದೆ, ಹೊಂದಿತು. ಪಿಕಪ್ ಬಂತು. ಹೂವಿನ ಹಾರ ಹಾಕಿ ಫೋಟೊ ತೆಗೆದೆವು.

ಮೊದಲ ದೊಡ್ಡ ಆರ್ಡರ್ ಘಾಟ್ ಆಚೆ ಒಂದು ಸೀಮಂತದ ಊಟ.

ಈಗ ಘಾಟ್‌ನಲ್ಲಿ ನಿಂತಿದ್ದೇವೆ. ವೈನಿ ಇಳಿದು ಗಾಡಿಯ ಸುತ್ತ ಒಂದು ಸಲ ಬಂದರು. ಪಿಕಪ್‌ನ ಹಿಂಭಾಗ ಕುಸಿದು ಕೂತಿತ್ತು, ಮೂತಿ ಮೇಲೆದ್ದಿತ್ತು, ಮುಂದಿನ ಚಕ್ರಗಳು ನೆಲಕ್ಕೆ ಸರಿಯಾಗಿ ಊರಿರಲಿಲ್ಲ. ಅವರು ಟ್ರೇಲರ್ ಒಳಗೆ ಹೋಗಿ ನೀರಿನ ಟ್ಯಾಂಕಿನ ನಲ್ಲಿ ತೆರೆದರು. ಟ್ಯಾಂಕ್ ಇದ್ದದ್ದು ಸರಿಯಾಗಿ ಪಿಕಪ್‌ನ ಬೆನ್ನಿನ ಮೇಲೆ. ನೀರು ಹರಿದಂತೆ ಗಾಡಿಯ ಮೂತಿ ಮೆಲ್ಲಗೆ ಕೆಳಗಿಳಿಯಿತು.

ಟ್ಯಾಂಕ್ ಅಷ್ಟೇ ಅಲ್ಲ ಎಂದು ಆಮೇಲೆ ಒಂದೊಂದಾಗಿ ಹೇಳಿದರು. ಅದರ ಪಕ್ಕ ಹಿಟ್ಟಿನ ಚೀಲಗಳು, ಗ್ರೈಂಡರ್, ಎರಡು ಸಿಲಿಂಡರ್. ನಾನು ಹೊಂದಿಸಿದ್ದು ಖಾಲಿ ಟ್ರೇಲರ್ ತೂಕ. ಖಾಲಿ ಅಡುಗೆಮನೆಯಲ್ಲಿ ಯಾರು ಅಡುಗೆ ಮಾಡುತ್ತಾರೆ?

ಇದನ್ನೆಲ್ಲ ಮೊದಲೇ ಹೇಳಬಾರದಿತ್ತೇ ಎಂದು ಅಣ್ಣ ರೇಗಿದ.

“ಯಾರರ ಕೇಳಿದ್ರೇನ್ರಿ?” ಅಂದರು ವೈನಿ. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರಾಗುತ್ತಿತ್ತು.

ನಿಧಾನಕ್ಕೆ ಘಾಟ್ ದಾಟಿ, ಒಂದು ಢಾಬಾದಲ್ಲಿ ನೀರು ಬೇಡಿ, ಎರಡು ತಾಸು ತಡವಾಗಿ ಬಡಿಸಿದೆವು. ಬಸುರಿ ಹುಡುಗಿ ಹಸಿದು ಕೂತಿದ್ದಳು. ಯಾರೂ ಬೈಯಲಿಲ್ಲ, ಎಲ್ಲರೂ ನಮ್ಮನ್ನೇ ನೋಡಿದರು.

ಮರುದಿನ ಲಾರಿಗಳನ್ನು ತೂಗುವ ಕಾಟಾಕ್ಕೆ ಹೋದೆವು. ಎಲ್ಲವನ್ನೂ ತುಂಬಿಕೊಂಡೇ. ಅಲ್ಲಿದ್ದ ಹಿರಿಯರು ಮೊದಲು ಪಿಕಪ್ ಒಂದನ್ನೇ ನಿಲ್ಲಿಸಿದರು. ಆಮೇಲೆ ಟ್ರೇಲರ್ ಜೋಡಿಸಿ, ಪಿಕಪ್‌ನ ಚಕ್ರಗಳು ಮಾತ್ರ ಕಾಟಾ ಮೇಲೆ ಬರುವಂತೆ ನಿಲ್ಲಿಸಿದರು. ಎರಡು ಚೀಟಿ ಮುಂದಿಟ್ಟು ಮರಾಠಿಯಲ್ಲಿ ಮಗುವಿಗೆ ಹೇಳುವಂತೆ ಹೇಳಿದರು: ಇವೆರಡರ ಅಂತರವೇ ಗಾಡಿಯ ಬೆನ್ನಿನ ಮೇಲೆ ಕೂತ ಭಾರ. ಎಳೆಯುವುದು ಬೇರೆ, ಹೊರುವುದು ಬೇರೆ. ಈ ಗಾಡಿ ಎಳೆದೀತು, ಹೊರಲಾರದು. ಬೆನ್ನಿನ ಮೇಲೆ ಎಷ್ಟು ಹೊರಬಲ್ಲದು: ಇಡೀ ಬ್ರೋಶರ್‌ನಲ್ಲಿ ನಾನು ಹುಡುಕದೇ ಬಿಟ್ಟ ಅಂಕಿ ಅದೊಂದೇ.

ಪಿಕಪ್ ಹೋಯಿತು. ಹಿಂದೆ ಜೋಡಿ ಚಕ್ರಗಳಿರುವ ಹಳೆಯದೊಂದು ಟ್ರಕ್ ಬಂದಿದೆ. ಎಸಿ ಇಲ್ಲ, ಒಂದು ಕಿಟಕಿ ಕೈಯಿಂದ ಎತ್ತಿದರೇ ಏರುತ್ತದೆ. ಅದನ್ನು ಕೊಳ್ಳುವಾಗ ವೈನಿ ಚೀಲ, ಸಿಲಿಂಡರ್, ತುಂಬಿದ ಟ್ಯಾಂಕ್ ಎಲ್ಲದರ ಪಟ್ಟಿ ಹಿಡಿದು ಮೆಕ್ಯಾನಿಕ್ ಮುಂದೆ ಕೂತಿದ್ದರು. ಅಣ್ಣನಿಗೆ ಅದು ಚೂರೂ ಇಷ್ಟವಾಗಿಲ್ಲ. ಆದರೆ ಗಾಡಿ ತಿರುಗುತ್ತದೆ.

ಮೊನ್ನೆ ಅಣ್ಣನ ಫೋನ್ ಬಂತು. ಟ್ರೇಲರ್‌ಗೆ ಫ್ರಿಜ್ ಬೇಕಂತೆ, ಯಾವುದು ಒಳ್ಳೆಯದು ನೋಡಿ ಹೇಳು ಎಂದ. ನನಗೆ ಸುಸ್ತಾಯಿತು.

“ವೈನೀನ್ನ ಕೇಳಿದಿ ಏನಣ್ಣ?” ಅಂದೆ.

ಆ ಕಡೆ ಅಣ್ಣ ಫೋನ್ ಹಿಡಿದುಕೊಂಡೇ ವೈನಿಯನ್ನು ಕೂಗಿದ್ದು ಕೇಳಿಸಿತು.