ದೋಣಿಯ ಮೇಲೆ ಊರಿದ ಕೈ

ಮಾಜಾಳಿಯ ದಂಡೆಯಲ್ಲಿ ಮಗುಚಿ ಹಾಕಿದ್ದ ದೋಣಿಯ ಮೇಲೆ ಸುಮ್ಮನೆ ಕೈ ಊರಿದ್ದೆ. ಅದಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದ ಮುದುಕರು, "ಕೈ ತೆಗೀರಿ ಮಾರಾಯ್ರೇ!" ಎಂದು ಕೂಗಿಬಿಟ್ಟರು. ಏನೋ ಮೈಲಿಗೆ ಮಾಡಿದೆನೆಂದು ಹೆದರಿ, ತಪ್ಪಾಯಿತು ಎಂದೆ.

"ಮಡಿಗಿಡಿ ಎಂತದೂ ಇಲ್ಲ. ಹಸಿ ಎಣ್ಣೆ ಮೇಲೆ ಕೈ ಬಿದ್ದಲ್ಲಿ, ನೀರಿಗಿಳಿಸಿದ ಮೇಲೆ ಮೊದ್ಲು ಲೋಳೆ ಕೂತ್ಕಂತದೆ. ಲೋಳೆ ಮೇಲೆ ಚಿಪ್ಪಿನ ಹುಳ ಹತ್ಕಂತದೆ. ಚಿಪ್ಪಿಗೆ ದೋಣಿ ಕಾಣೂದಿಲ್ಲ, ಲೋಳೆಯೇ ಕಾಣೂದು."

ನಾನು ಅಲ್ಲೇ ಮರಳಲ್ಲಿ ಕೂತೆ. ಮುರಿದ ಮೂಳೆಗೆ ಹಾಕುವ ಲೋಹದ ಪಟ್ಟಿಗೆ ಹೊಸ ಲೇಪ ಹುಡುಕುವುದು ಆಗ ನನ್ನ ಕೆಲಸ. ಜೀವಕೋಶ ಲೋಹವನ್ನು ನೇರವಾಗಿ ಹಿಡಿಯುವುದಿಲ್ಲ, ಅದರ ಮೇಲೆ ಮೊದಲು ಅಂಟಿದ ಪ್ರೋಟೀನನ್ನು ಹಿಡಿಯುತ್ತದೆ ಎಂದು ತರಗತಿಯಲ್ಲಿ ಪಾಠ ಹೇಳುವವನೂ ನಾನೇ. ನನ್ನ ಲೇಪದ ಒಂದು ತುಂಡಿನಲ್ಲಿ, ಒಂದೇ ಮೂಲೆಯಲ್ಲಿ, ಜೀವಕೋಶಗಳು ಸೊಂಪಾಗಿ ಹರಡಿದ್ದವು. ಅದು ಲೇಪದ ಗುಣವೆಂದು ಪ್ರಬಂಧ ಬರೆದು, ಕಳಿಸುವುದೊಂದೇ ಬಾಕಿ ಇಟ್ಟು ರಜೆಗೆ ಊರಿಗೆ ಬಂದಿದ್ದೆ. ಈಗ ನೆನಪಾಯಿತು: ಜೀವಕೋಶ ಬಿಡುವ ಮೊದಲು, ಚಿಮಟ ಸಿಗದ ಒಂದು ದಿನ ಆ ತುಂಡನ್ನು ಅದೇ ಮೂಲೆಯಲ್ಲಿ ಹಿಡಿದೆತ್ತಿದ್ದೆ, ಬರಿಗೈಯಲ್ಲಿ.

ಮುದುಕರು ನನ್ನ ಕೈ ಬಿದ್ದ ಜಾಗಕ್ಕೆ ಇನ್ನೊಮ್ಮೆ ಎಣ್ಣೆ ಬಳಿದರು. ನಾನು ಮನೆಗೆ ಹೋಗಿ, ಲೇಪದ ಗುಣವೆಂದು ಬರೆದಿದ್ದ ಪುಟವನ್ನು ಹೊಡೆದುಹಾಕಿದೆ. ಇಡೀ ಒಂದು ವರ್ಷ ನಾನು ಮೆಚ್ಚಿಕೊಂಡಿದ್ದು ನನ್ನದೇ ಹೆಬ್ಬೆರಳ ಗುರುತನ್ನು.