ದೀಪ ದೊಡ್ಡ ಮಾಡು

ಸತ್ತವರ ದನಿ ಕೇಳಿತು ಎಂದು ಯಾರಾದರೂ ಹೇಳಿದರೆ, ಮೊದಲು ಕಿವಿ ತೋರಿಸಿಕೊಂಡು ಬನ್ನಿ ಎಂದು ನಗುತ್ತಿದ್ದವನು ನಾನು. ಈಗ ಆ ನಗೆ ಬರುವುದಿಲ್ಲ. ನೀವು ನಂಬಲೇಬೇಕೆಂದೇನಿಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ.

ಅಮ್ಮ ಕುಂದಾಪುರದಿಂದ ವಿಲಾಯಿತಿಗೆ ಬಂದು ಹೌನ್ಸ್ಲೋದ ನಮ್ಮ ಫ್ಲ್ಯಾಟಿನಲ್ಲಿ ಆರು ವರ್ಷ ಇದ್ದಳು. ದೀಪ ಆರಿಸು ಎಂಬ ಮಾತು ಅವಳ ಬಾಯಲ್ಲಿ ಬರುತ್ತಲೇ ಇರಲಿಲ್ಲ, ಅದು ಅಪಶಕುನ. "ದೀಪ ದೊಡ್ಡ ಮಾಡು ಮಗಾ" ಎನ್ನುತ್ತಿದ್ದಳು. ಹಾಗೆಂದರೆ ಬತ್ತಿಯನ್ನು ಎಣ್ಣೆಗೆ ಜಾರಿಸಿ ಶಾಂತ ಮಾಡಬೇಕು, ಬಾಯಿಂದ ಊದಕೂಡದು. ಒಮ್ಮೆ ನನ್ನ ಮಗಳು ಅಜ್ಜಿಯ ಮಾತನ್ನು ಇದ್ದಹಾಗೆಯೇ ನಂಬಿ, ಬತ್ತಿ ಎಳೆದು, ತುಪ್ಪ ಸುರಿದು, ದೀಪವನ್ನು ನಿಜಕ್ಕೂ ದೊಡ್ಡದು ಮಾಡಿಬಿಟ್ಟಳು. ಹೊಗೆಗೆ ಅಲಾರಂ ಕಿರುಚಿಕೊಂಡು ಕೆಳಗಿನ ಮನೆಯವರೂ ಓಡಿಬಂದರು. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎಷ್ಟು ಚೆನ್ನಾಗಿದ್ದವು ಆ ದಿನಗಳು!

ಎದೆನೋವು ಬಂದ ಬೆಳಿಗ್ಗೆ, ಆಂಬ್ಯುಲೆನ್ಸ್ ಹತ್ತುವಾಗಲೂ ಅವಳು ಹೇಳಿದ್ದು ಅದೇ ಮಾತು. ನಾನು ಮೇಲೆ ಓಡಿ, ಅವಸರದಲ್ಲಿ ಉಫ್ ಎಂದು ಊದಿಬಿಟ್ಟೆ. ಕೆಳಗೆ ಬಂದಾಗ "ಮಾಡ್ದ್ಯಾ?" ಎಂದು ಕೇಳಿದಳು. "ಮಾಡ್ದೆ" ಎಂದೆ. ಆಸ್ಪತ್ರೆ ಮುಟ್ಟುವ ಮೊದಲೇ ಅಮ್ಮ ಹೋದಳು. ನಾನು ಅವಳಿಗೆ ಹೇಳಿದ ಕೊನೆಯ ಮಾತು ಸುಳ್ಳು. ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಎರಡು ವರ್ಷದ ಮೇಲೆ, ಮಾರ್ಚಿನಲ್ಲಿ, ಮಗಳ ಹಟಕ್ಕೆ ಅವಳೂ ನಾನೂ ಸ್ಪೇನಿನ ವಲೆನ್ಸಿಯಾಕ್ಕೆ ಬೆಂಕಿಹಬ್ಬ ನೋಡಲು ಹೋದೆವು. ವರ್ಷವಿಡೀ ಕೂತು ಮಾಡಿದ ಗೊಂಬೆಗಳನ್ನು ಬೀದಿಬೀದಿಯಲ್ಲಿ ನಿಲ್ಲಿಸಿ, ಕೊನೆಯ ದಿನ ಸುಟ್ಟುಬಿಡುತ್ತಾರೆ. ಮಕ್ಕಳ ಚಿಕ್ಕ ಗೊಂಬೆಗಳ ಸರದಿ ಮೊದಲು, ಸಂಜೆಗೇ. ನಾವು ನಿಂತಿದ್ದ ಮೂಲೆಯಲ್ಲಿ ಜರಿಲಂಗದ ಹುಡುಗಿಯೊಬ್ಬಳು ಕಿಡಿ ಹೊತ್ತಿಸಿ, ಗೊಂಬೆ ಉರಿಯುತ್ತಲೇ ಅಳತೊಡಗಿದಳು. ನನಗೂ ಅಳು ಬಂತು. ಇಷ್ಟು ದೊಡ್ಡ ದೀಪ ನೋಡಿದ್ದರೆ ಅಮ್ಮ ಏನೆನ್ನುತ್ತಿದ್ದಳೋ! ಊದಿದ್ದು ತಪ್ಪಾಯಿತಮ್ಮಾ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಬೆನ್ನ ಹಿಂದೆಯೇ "ಅಡ್ಡಿಲ್ಲ ಮಗಾ" ಎಂದು ಕೇಳಿಸಿತು. ಪರವಾಗಿಲ್ಲ ಎನ್ನಲು ನಮ್ಮ ಕಡೆಯ ಮಾತು ಅದು. ತಿರುಗಿದೆ. ಶಾಲು ಹೊದ್ದ ಇಬ್ಬರು ಸ್ಪ್ಯಾನಿಷ್ ಮುದುಕಿಯರು ಬೆಂಕಿಯನ್ನೇ ನೋಡುತ್ತಿದ್ದರು. ನನ್ನ ತಲೆಯ ಆಟ ಎಂದುಕೊಳ್ಳುವಷ್ಟರಲ್ಲಿ ಮಗಳು ತೋಳು ಹಿಡಿದಳು.

"ಅಪ್ಪಾ, ಹೂ ಸೆಡ್ ಅಡ್ಡಿಲ್ಲ? ಸೌಂಡೆಡ್ ಲೈಕ್ ಅಜ್ಜಿ."

ಗುಂಪಿನಲ್ಲಿ ಅರ್ಧ ಗಂಟೆ ಹುಡುಕಿದೆ. ಕುಂದಾಪುರದವರು ಯಾರಾದರೂ ಇದ್ದಿರಬಹುದು. ನಮ್ಮವರು ಎಲ್ಲಿಲ್ಲ ಹೇಳಿ? ಆದರೆ ನಾನು ಬಾಯಿಬಿಟ್ಟು ಹೇಳದ ಮಾತು ಅವರಿಗೆ ಹೇಗೆ ಕೇಳಿತು? ಇವತ್ತಿಗೂ ನನಗೆ ಗೊತ್ತಿಲ್ಲ.

ಈಗ ದಿನವೂ ಕೆಲಸಕ್ಕೆ ಹೊರಡುವಾಗ ಬತ್ತಿಯನ್ನು ಎಣ್ಣೆಗೆ ಜಾರಿಸಿ "ಮಾಡ್ದೆ ಅಮ್ಮಾ" ಎನ್ನುತ್ತೇನೆ. ಬಸ್ಸು ತಪ್ಪಿದರೂ ಸರಿ, ಬಾಗಿಲಲ್ಲಿ ಒಂದು ಗಳಿಗೆ ಕಾಯುತ್ತೇನೆ. ಈಗ ಹೇಳುತ್ತಿರುವುದು ನಿಜ. ಉತ್ತರ ಮಾತ್ರ ಮತ್ತೆ ಬಂದಿಲ್ಲ.